ಕೆರೆ ಕಟ್ಟಿದ ಪ್ರಭು: ಕೆಂಪೇಗೌಡರ ಬದುಕು, ನಮ್ಮ ಶಾಲೆಯ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚಿತ್ರ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ನಾಡಪ್ರಭು ಕೆಂಪೇಗೌಡರ ಹೆಸರನ್ನೇ ಹೇಳಿದೆ. ಎಲ್ಲರಿಗೂ ಗೊತ್ತಿರುವವರ ಬಗ್ಗೆ ಹೊಸದೇನು ಬರೆಯುತ್ತೀರಿ ಎಂದು ಸಮಿತಿಯ ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು. ಅವರ ಮಾತೂ ಸರಿಯೇ. ಬಸ್ ನಿಲ್ದಾಣಕ್ಕೆ, ವಿಮಾನ ನಿಲ್ದಾಣಕ್ಕೆ, ಮೆಟ್ರೋ ನಿಲ್ದಾಣಕ್ಕೆ, ರಸ್ತೆಗೆ, ಬಡಾವಣೆಗೆ ಅವರ ಹೆಸರಿದೆ. ಜೂನ್ 27ರಂದು ಜಯಂತಿ ನಡೆಯುತ್ತದೆ. 2022ರ ನವೆಂಬರಿನಲ್ಲಿ ವಿಮಾನ ನಿಲ್ದಾಣದ ಬಳಿ 108 ಅಡಿ ಎತ್ತರದ ಪ್ರತಿಮೆಯೂ ಎದ್ದು ನಿಂತಿತು. ಆದರೆ ಶ್ರೀನಗರದ ನಮ್ಮ ಮಕ್ಕಳಿಗೆ ಅವರ ನಿಜವಾದ ಸ್ಮಾರಕ ಅರ್ಧ ಗಂಟೆ ನಡೆದರೆ ಸಿಗುತ್ತದೆ. ಅದು ಗವಿಪುರದ ಕೆಳಗಿರುವ ಕೆಂಪಾಂಬುಧಿ ಕೆರೆ.

ಸಮಾಜ ವಿಜ್ಞಾನದ ಮೇಷ್ಟ್ರಾಗಿ ನಾನು ಈ ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪಾಠ ಮಾಡಿದ್ದೇನೆ. ನಮ್ಮ ಪಠ್ಯದಲ್ಲಿ ಪರಿಸರ ಒಂದು ಅಧ್ಯಾಯ, ದೇಶದ ರಕ್ಷಣೆ ಇನ್ನೊಂದು ಅಧ್ಯಾಯ, ಶಾಂತಿ ಮತ್ತು ವಿಶ್ವಸಂಸ್ಥೆ ಮತ್ತೊಂದು ಅಧ್ಯಾಯ. ಮಕ್ಕಳು ಮೂರನ್ನೂ ಬೇರೆ ಬೇರೆಯಾಗಿ ಓದಿ, ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಬರೆದು, ಮೂರನ್ನೂ ಮರೆಯುತ್ತಾರೆ. ಈ ಮೂರೂ ಒಂದೇ ಪಾಠ ಎಂದು ತೋರಿಸಲು ನನಗೆ ಸಿಕ್ಕಿದ ಬದುಕು ಕೆಂಪೇಗೌಡರದು. ಅದನ್ನೇ ಇಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ಊರಿನವರಿಗೂ ಹೇಳುತ್ತಿದ್ದೇನೆ.

ಮನೆತನ ಮತ್ತು ಬಾಲ್ಯ

ಕೆಂಪೇಗೌಡರ ಪೂರ್ವಿಕರು ಕಂಚಿಯ ಕಡೆಯಿಂದ ವಲಸೆ ಬಂದು ದೇವನಹಳ್ಳಿಯ ಬಳಿಯ ಆವತಿಯಲ್ಲಿ ನೆಲೆಸಿದವರು. ರಣಭೈರೇಗೌಡ ಎಂಬ ಹಿರಿಯರು ತಮ್ಮ ಕುಟುಂಬವನ್ನು ಕರೆದುಕೊಂಡು ಬಂಡಿ ಕಟ್ಟಿಕೊಂಡು ಬಂದರೆಂಬ ಕಥೆ ಆ ಸೀಮೆಯಲ್ಲಿ ಇಂದಿಗೂ ಇದೆ. ಅದೇ ವಂಶದ ಜಯಗೌಡರು ಯಲಹಂಕದಲ್ಲಿ ನೆಲೆಯೂರಿ, ವಿಜಯನಗರದ ಅರಸರಿಗೆ ನಿಷ್ಠರಾಗಿ ಯಲಹಂಕ ನಾಡಿನ ಪ್ರಭುಗಳಾದರು. ಆ ಮನೆತನದ ಕೆಂಪನಂಜೇಗೌಡರ ಮಗನಾಗಿ 1510ರಲ್ಲಿ ನಮ್ಮ ಕೆಂಪೇಗೌಡರು ಹುಟ್ಟಿದರು. ಹೆಸರಘಟ್ಟದ ಹತ್ತಿರದ ಐಗಂಡಪುರದ ಗುರುಕುಲದಲ್ಲಿ ಓದಿದರೆಂದು ಪ್ರತೀತಿ.

ಇಲ್ಲೊಂದು ಮಾತನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದೆ. ಬೆಂಗಳೂರನ್ನು ಕಟ್ಟಿದ ಮನೆತನವೂ ಹೊರಗಿನಿಂದ ಬಂದದ್ದೇ. ಅವರೂ ಒಂದು ಕಾಲದಲ್ಲಿ ನೀರು ನೆಲ ಹುಡುಕಿಕೊಂಡು ಬಂಡಿಯಲ್ಲಿ ಬಂದವರೇ. ನಮ್ಮ ತರಗತಿಗಳಲ್ಲಿ ಮಂಡ್ಯದಿಂದ, ತುಮಕೂರಿನಿಂದ, ರಾಯಚೂರಿನಿಂದ, ಧರ್ಮಪುರಿಯಿಂದ, ಅನಂತಪುರದಿಂದ ಕೂಲಿಗೆ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಿದ್ದರು. ಈ ಮಾತು ಅವರಿಗೆ ಬೇಗ ಅರ್ಥವಾಗುತ್ತಿತ್ತು.

ನದಿಯಿಲ್ಲದ ಎತ್ತರ

ಬೆಂಗಳೂರು ಎಂಬ ಹೆಸರು ಕೆಂಪೇಗೌಡರಿಗಿಂತ ಹಳೆಯದು. ಬೇಗೂರಿನ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಆ ಹೆಸರು ಮೊದಲು ಕಾಣುತ್ತದೆ. ಆ ಶಾಸನ ಹೇಳುವುದು ಬೆಂಗಳೂರಿನಲ್ಲಿ ನಡೆದ ಒಂದು ಕಾಳಗದ ಸಂಗತಿ. ನಮ್ಮ ಊರಿನ ಹೆಸರು ಮೊದಲ ಸಲ ಕಲ್ಲಿನ ಮೇಲೆ ಮೂಡಿದ್ದೇ ಒಂದು ಸಾವಿನ ನೆನಪಿಗಾಗಿ. ಕೊಡಿಗೇಹಳ್ಳಿಯ ಬಳಿಯ ಹಳೆಬೆಂಗಳೂರು ಎಂಬ ಹಳ್ಳಿ ಕೆಂಪೇಗೌಡರ ಬಂಧುಗಳ ಊರಾಗಿದ್ದು, ಅದರ ಹೆಸರನ್ನೇ ಅವರು ತಮ್ಮ ಹೊಸ ಪಟ್ಟಣಕ್ಕೆ ಇಟ್ಟರೆಂದು ಹೇಳುತ್ತಾರೆ.

ವಿಜಯನಗರದ ಅಚ್ಯುತರಾಯರ ಅಪ್ಪಣೆ ಪಡೆದು 1537ರಲ್ಲಿ ಅವರು ಪಟ್ಟಣಕ್ಕೆ ಅಡಿಪಾಯ ಹಾಕಿದರು. ಮೊಲವೊಂದು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋದ ಗಂಡುಮೆಟ್ಟಿನ ನೆಲವೆಂದು ಆ ಜಾಗ ಆರಿಸಿದರೆಂಬ ಕಥೆ ಮಕ್ಕಳಿಗೆಲ್ಲ ಬಾಯಿಪಾಠ. ಕಥೆ ಚೆನ್ನಾಗಿದೆ. ಆದರೆ ನಾನು ಕೇಳುತ್ತಿದ್ದ ಪ್ರಶ್ನೆ ಬೇರೆ: ಆ ಮೊಲ ಕುಡಿಯಲು ನೀರು ಎಲ್ಲಿತ್ತು?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಇಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ. ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಕಣಿವೆಗೆ ಇಳಿದು, ಅರ್ಕಾವತಿ ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನಡುವೆ ಹಿಡಿದು ನಿಲ್ಲಿಸದಿದ್ದರೆ ಬಿದ್ದ ನೀರು ನಿಲ್ಲುವುದಿಲ್ಲ. ಹೀಗಾಗಿ ಇಲ್ಲಿ ಊರು ಕಟ್ಟುವವನು ಮೊದಲು ಇಳಿಜಾರು ನೋಡಬೇಕು, ಆಮೇಲೆ ಮುಹೂರ್ತ ನೋಡಬೇಕು.

ಕೆಂಪೇಗೌಡರ ಮನೆತನ ಕಟ್ಟಿಸಿದ ಕೆರೆಗಳ ಸಾಲಿನಲ್ಲಿ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಕೆರೆಗಳ ಹೆಸರು ಬರುತ್ತದೆ. ಹಳೇ ಕೆರೆಗಳ ಕೆಲಸದ ಕ್ರಮ ಊರಿನ ಹಿರಿಯರಿಗೆ ಗೊತ್ತು. ಕಣಿವೆಗೆ ಅಡ್ಡವಾಗಿ ಮಣ್ಣಿನ ಏರಿ, ಏರಿಯ ಬುಡದಲ್ಲಿ ತೂಬು, ಪಕ್ಕದಲ್ಲಿ ಹೆಚ್ಚಾದ ನೀರು ಹರಿದು ಹೋಗಲು ಕೋಡಿ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರಗಂಟಿ ಇರುತ್ತಾನೆ. ಹೂಳು ತೆಗೆಯಲು ಊರಿನ ಪ್ರತಿ ಮನೆಯಿಂದ ಆಳು ಬರಬೇಕು. ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಕಟ್ಟುಕೊಡಗೆ ಎಂದು ಅಚ್ಚುಕಟ್ಟಿನಲ್ಲಿ ಭೂಮಿ ಬಿಟ್ಟುಕೊಡುತ್ತಿದ್ದರು.

ಈ ಏರ್ಪಾಡಿನಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಮೇಲಿನ ಊರಿನವರು ಕೋಡಿಯನ್ನು ಎತ್ತರಿಸಿದರೆ ಕೆಳಗಿನ ಊರಿನವರ ಕೆರೆ ತುಂಬುವುದಿಲ್ಲ. ಕೋಡಿಗೆ ಎರಡು ಕಲ್ಲು ಹೆಚ್ಚಿಗೆ ಇಟ್ಟರು ಎಂಬ ಕಾರಣಕ್ಕೆ ಹಳ್ಳಿ ಹಳ್ಳಿಗಳ ನಡುವೆ ತಲೆ ಒಡೆದ ಜಗಳಗಳು ನಡೆದಿವೆ. ಆದ್ದರಿಂದ ಕೆರೆ ಕಟ್ಟುವುದೆಂದರೆ ನೀರು ಹಿಡಿಯುವುದಷ್ಟೇ ಅಲ್ಲ, ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು ಎಂಬ ಒಪ್ಪಂದ ಮಾಡಿಕೊಳ್ಳುವುದೂ ಹೌದು. ಕೋಡಿಯ ಎತ್ತರವೇ ಆ ಒಪ್ಪಂದ. ಶಾಂತಿ ಒಪ್ಪಂದ ಎಂಬುದನ್ನು ಮಕ್ಕಳಿಗೆ ವಿವರಿಸಲು ನಾನು ಯೂರೋಪಿಗೆ ಹೋಗುವ ಮೊದಲು ಕೆರೆ ಕೋಡಿಗೆ ಹೋಗುತ್ತಿದ್ದೆ.

ಕೋಟೆ ಮತ್ತು ಪೇಟೆ

ಇಂದಿನ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಲ್ಲಿ ಬಿಳಿ ಎತ್ತುಗಳನ್ನು ನೇಗಿಲಿಗೆ ಹೂಡಿ ನಾಲ್ಕು ದಿಕ್ಕಿಗೂ ಉಳಿಸಿದರು. ಎತ್ತುಗಳು ನಿಂತ ಕಡೆ ಹೆಬ್ಬಾಗಿಲುಗಳಾದವು ಎಂಬುದು ನಾವು ಕೇಳಿದ ಕಥೆ. ಉತ್ತರಕ್ಕೆ ಯಲಹಂಕ ಬಾಗಿಲು, ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪದ ಬಾಗಿಲು, ದಕ್ಷಿಣಕ್ಕೆ ಆನೇಕಲ್ ಬಾಗಿಲು. ಸುತ್ತಲೂ ಮಣ್ಣಿನ ಕೋಟೆ, ಕಂದಕ. 1791ರಲ್ಲಿ ಬ್ರಿಟಿಷರ ಸೈನ್ಯ ಪೇಟೆಯ ಮೇಲೆ ಬಿದ್ದಾಗಲೂ ಕಂದಕದ ಜೊತೆಗೆ ದಟ್ಟವಾದ ಮುಳ್ಳಿನ ಬೇಲಿ ಊರನ್ನು ಕಾಯುತ್ತಿತ್ತು.

ಕೋಟೆಯೊಳಗೆ ಕಸುಬಿಗೊಂದು ಪೇಟೆ. ಅರಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ಹೆಸರುಗಳನ್ನು ಹೇಳಿಕೊಂಡು ಹೋದರೆ ಆ ಕಾಲದ ಊರು ಏನು ತಿನ್ನುತ್ತಿತ್ತು, ಏನು ಉಡುತ್ತಿತ್ತು, ಯಾವುದರಲ್ಲಿ ಮನೆ ಕಟ್ಟುತ್ತಿತ್ತು ಎಂಬುದೆಲ್ಲ ತಿಳಿಯುತ್ತದೆ. ಕುಂಬಾರನಿಗೆ ಕೆರೆಯ ಜೇಡಿಮಣ್ಣು ಬೇಕು, ನೇಕಾರನಿಗೆ ಬಣ್ಣ ಅದ್ದಲು ನೀರು ಬೇಕು, ಗಾಣದ ಎತ್ತಿಗೆ ಮೇವು ಬೇಕು. ಒಂದೊಂದು ಪೇಟೆಯ ಬುಡದಲ್ಲೂ ಒಂದು ಕೆರೆಯಿದೆ.

ಕೆರೆಗಳ ಸುತ್ತ ಹೂವು, ತರಕಾರಿ ತೋಟಗಳಿದ್ದವು. ಆ ತೋಟಗಳನ್ನು ಮಾಡಿದವರು ತಿಗಳ ಸಮುದಾಯದವರು. ತಮಿಳು ಸೀಮೆಯಿಂದ ಬಂದು ಇಲ್ಲಿ ನೆಲೆಸಿ ಇಲ್ಲಿಯವರೇ ಆದವರು. ಅವರ ಕರಗ ಇಂದು ಇಡೀ ಬೆಂಗಳೂರಿನ ಹಬ್ಬ. ಕ್ರೀಡಾಂಗಣವಾಗಿ ಹೋದ ಸಂಪಂಗಿ ಕೆರೆಯ ಒಂದು ತುಂಡನ್ನು ಇನ್ನೂ ಉಳಿಸಿಕೊಂಡಿರುವುದು ಕರಗದ ಶಾಸ್ತ್ರಕ್ಕಾಗಿಯೇ. ಧರ್ಮರಾಯನ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುತ್ತದೆ. ಕೆರೆ, ತೋಟ, ಗುಡಿ, ದರ್ಗಾ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಸುತ್ತಿ ಬರುವ ಈ ಹಾದಿಯನ್ನು ನಕಾಶೆಯಲ್ಲಿ ಬಣ್ಣದ ಪೆನ್ಸಿಲಿನಿಂದ ಗುರುತಿಸುವುದು ಎಂಟನೇ ತರಗತಿಯವರಿಗೆ ನಾನು ಕೊಡುತ್ತಿದ್ದ ಮನೆಗೆಲಸ.

ರಕ್ಷಣೆಯ ಬೆಲೆ ಯಾರು ಕೊಟ್ಟರು?

ಕೆಂಪೇಗೌಡರನ್ನು ದೇವರನ್ನಾಗಿ ಮಾಡಿ ಪೂಜಿಸಿದರೆ ಪಾಠ ಮುಗಿದುಹೋಗುತ್ತದೆ. ಅವರು ಕತ್ತಿ ಹಿಡಿದ ಪಾಳೆಯಗಾರರೇ. ಅವರ ಕೋಟೆಯ ಜೊತೆ ಸೇರಿಕೊಂಡ ಎರಡು ಕಥೆಗಳನ್ನು ಮಕ್ಕಳ ಮುಂದೆ ಇಡದೆ ನಾನು ಮುಂದಕ್ಕೆ ಹೋಗುತ್ತಿರಲಿಲ್ಲ.

ಮೊದಲನೆಯದು ಅವರ ಸೊಸೆ ಲಕ್ಷ್ಮೀದೇವಿಯದು. ದಕ್ಷಿಣದ ಬಾಗಿಲು ಎಷ್ಟು ಸಲ ಕಟ್ಟಿದರೂ ಬೀಳುತ್ತಿತ್ತಂತೆ. ಬಲಿ ಕೊಡಬೇಕೆಂದು ಯಾರೋ ಹೇಳಿದರು. ಕೆಂಪೇಗೌಡರು ಒಪ್ಪಲಿಲ್ಲ. ತುಂಬು ಬಸುರಿಯಾದ ಸೊಸೆ ನಡುರಾತ್ರಿ ಹೋಗಿ ತನ್ನನ್ನೇ ಬಲಿ ಕೊಟ್ಟುಕೊಂಡಳು, ಬಾಗಿಲು ನಿಂತಿತು. ಕೋರಮಂಗಲದಲ್ಲಿ ಅವಳ ಸಮಾಧಿಯಿದೆ. ಇದು ಐತಿಹ್ಯ. ನಾನು ಮಕ್ಕಳನ್ನು ಕೇಳುತ್ತಿದ್ದದ್ದು ಇಷ್ಟೇ: ಊರಿನ ರಕ್ಷಣೆಗೆ ಬಲಿ ಬೇಕು ಎಂದಾಗ ಕಥೆಗಳಲ್ಲಿ ಯಾವಾಗಲೂ ಸೊಸೆಯೇ ಏಕೆ ಹೋಗುತ್ತಾಳೆ? ಹೆಣ್ಣುಮಕ್ಕಳು ಕೊಡುತ್ತಿದ್ದ ಉತ್ತರಗಳು ನನಗಿಂತ ಚೆನ್ನಾಗಿರುತ್ತಿದ್ದವು. ಒಬ್ಬಳು ಎದ್ದು ನಿಂತು, ಈಗಲೂ ನೀರಿಲ್ಲದಿದ್ದರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೊಡ ಹಿಡಿದು ಹೋಗುವವರು ಅಮ್ಮ ಮತ್ತು ನಾನೇ ಎಂದು ಹೇಳಿ ಕೂತಳು. ಆ ದಿನ ಮುಂದಿನ ಪಾಠವೇ ಬೇಕಾಗಲಿಲ್ಲ.

ಎರಡನೆಯದು ಬಂಡಿ ದೇವರ ಹರಕೆ. ಮೊರಸು ಒಕ್ಕಲಿಗರಲ್ಲಿ ಹೆಂಗಸರ ಎಡಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿ ದೇವರಿಗೆ ಒಪ್ಪಿಸುವ ರೂಢಿಯಿತ್ತು. ತಮ್ಮದೇ ಕುಲದ ಆ ರೂಢಿಯನ್ನು ಕೆಂಪೇಗೌಡರು ನಿಲ್ಲಿಸಿದರೆಂದು ನೆನೆಯುತ್ತಾರೆ. ಕೋಟೆಯ ಹೊರಗಿನ ಶತ್ರುವಿನಿಂದ ಕಾಪಾಡುವುದು ಒಂದು ರಕ್ಷಣೆಯಾದರೆ, ಮನೆಯೊಳಗಿನ ಕತ್ತಿಯಿಂದ ಕಾಪಾಡುವುದು ಇನ್ನೊಂದು. ಎರಡನೆಯದು ಕೋಟೆ ಕಟ್ಟುವುದಕ್ಕಿಂತ ಕಷ್ಟ.

ಸೆರೆಮನೆಯ ಐದು ವರ್ಷ

ಪಟ್ಟಣ ಬೆಳೆಯಿತು, ವ್ಯಾಪಾರ ಬೆಳೆಯಿತು. ಕೆಂಪೇಗೌಡರು ಅರಸರ ಅಪ್ಪಣೆಯಿಲ್ಲದೆ ತಮ್ಮದೇ ನಾಣ್ಯ ಅಚ್ಚು ಹಾಕಿಸಿದರು. ಅವರ ಏಳಿಗೆ ಸಹಿಸದ ನೆರೆಯ ಪಾಳೆಯಗಾರರು ವಿಜಯನಗರಕ್ಕೆ ದೂರು ಒಯ್ದರು. ರಾಮರಾಯರು ಅವರನ್ನು ಹಿಡಿಸಿ ಆನೆಗೊಂದಿಯ ಸೆರೆಯಲ್ಲಿಟ್ಟರು. ಐದು ವರ್ಷ ಸೆರೆವಾಸವಾಯಿತು. ಸೀಮೆಯನ್ನು ಮುಟ್ಟುಗೋಲು ಹಾಕಿಕೊಂಡರು. ಕೊನೆಗೆ ದೊಡ್ಡ ದಂಡ ತೆತ್ತು ಬಿಡುಗಡೆ ಹೊಂದಿ, ಕಳೆದುಕೊಂಡ ಸೀಮೆಯನ್ನು ಮರಳಿ ಪಡೆದು ಯಲಹಂಕ ನಾಡಿಗೆ ಹಿಂದಿರುಗಿದರು.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಐದು ವರ್ಷ ಪ್ರಭು ಇರಲಿಲ್ಲ. ಆದರೂ ಊರು ಚದುರಿಹೋಗಲಿಲ್ಲ. ಪ್ರಭು ಸೆರೆಯಲ್ಲಿದ್ದರೂ ತೂಬು ತೆಗೆಯುವವನು ತೂಬು ತೆಗೆಯಬೇಕು, ಹೂಳೆತ್ತುವವರು ಹೂಳೆತ್ತಬೇಕು. ಒಬ್ಬ ಮನುಷ್ಯನ ಶೌರ್ಯದ ಮೇಲೆ ನಿಂತ ಊರಾಗಿದ್ದರೆ ಆ ಐದು ವರ್ಷಗಳಲ್ಲಿ ಹಾಳು ಬೀಳುತ್ತಿತ್ತು.

ಹಿಂದಿರುಗಿದ ಮೇಲೆ ಅವರು ಸೇಡಿನ ಯುದ್ಧಕ್ಕಿಂತ ಕಟ್ಟುವ ಕೆಲಸಕ್ಕೇ ಕೈ ಹಾಕಿದರೆಂದು ಜನ ನೆನೆಯುತ್ತಾರೆ. ನಮ್ಮ ಮಗ್ಗುಲಿನ ಗವಿ ಗಂಗಾಧರೇಶ್ವರ ಗುಡಿಯ ವಿಸ್ತರಣೆ, ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಅವರ ಹೆಸರಿಗೇ ಸೇರಿವೆ. ವೃಷಭಾವತಿ ಹುಟ್ಟುವುದು ಆ ಬಸವಣ್ಣನ ಪಾದದ ಬುಡದಲ್ಲಿ ಎಂಬುದು ನಮ್ಮ ಕಡೆಯ ನಂಬಿಕೆ.

1565ರಲ್ಲಿ ತಾಳೀಕೋಟೆಯ ಯುದ್ಧವಾಯಿತು. ಕೆಂಪೇಗೌಡರನ್ನು ಸೆರೆಯಲ್ಲಿಟ್ಟಿದ್ದ ರಾಮರಾಯರು ರಣರಂಗದಲ್ಲಿ ಮಡಿದರು. ಏಳು ಸುತ್ತಿನ ಕೋಟೆಯ ವಿಜಯನಗರ ಸುಟ್ಟು ಹಾಳಾಯಿತು. ನಾಲ್ಕು ವರ್ಷದ ಮೇಲೆ, 1569ರಲ್ಲಿ ಕೆಂಪೇಗೌಡರೂ ತೀರಿಕೊಂಡರು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಅವರದೆಂದು ಗುರುತಿಸಿರುವ ಸಮಾಧಿ ಇದೆ. ಶಿವಗಂಗೆಯ ಗಂಗಾಧರೇಶ್ವರ ಗುಡಿಯಲ್ಲಿ ಕೈಮುಗಿದು ನಿಂತ ಅವರ ಲೋಹದ ವಿಗ್ರಹವನ್ನು ಇಂದಿಗೂ ನೋಡಬಹುದು.

ಆಳಿದವರು ಬದಲಾದರು

ನಂತರ ಬಂದ ಇಮ್ಮಡಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನಾಲ್ಕು ಗಡಿ ಗೋಪುರ ಕಟ್ಟಿಸಿದರು. ಅವುಗಳಲ್ಲಿ ಒಂದು ಕೆಂಪಾಂಬುಧಿಯ ಏರಿಯ ಬಳಿ, ಇನ್ನೊಂದು ಹಲಸೂರು ಕೆರೆಯ ಬಳಿ ಇದೆ. ಕಾವಲು ಗೋಪುರ ಕೆರೆಯ ಪಕ್ಕದಲ್ಲಿ ನಿಂತಿರುವುದನ್ನು ನೋಡಿದರೆ ಆ ಜನ ಯಾವುದನ್ನು ಕಾಯಬೇಕೆಂದುಕೊಂಡಿದ್ದರು ಎಂಬುದು ಗೊತ್ತಾಗುತ್ತದೆ.

1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ಸೈನ್ಯ ಬೆಂಗಳೂರನ್ನು ಗೆದ್ದುಕೊಂಡಿತು, ಗೌಡರ ಮನೆತನ ಮಾಗಡಿಗೆ ಹೋಯಿತು. ಷಹಾಜಿ ಬಂದರು, ಮೊಘಲರು ಬಂದರು, ಮೈಸೂರಿನ ಅರಸರು ಬಂದರು, ಹೈದರ್ ಮತ್ತು ಟಿಪ್ಪು ಬಂದರು, ಬ್ರಿಟಿಷರು ಬಂದರು. ಕೋಟೆ ಐದಾರು ಸಲ ಕೈ ಬದಲಾಯಿಸಿತು. ಅಷ್ಟೆಲ್ಲ ಆದರೂ ಊರು ಬಿಟ್ಟು ಜನ ಹೋಗಲಿಲ್ಲ, ಏಕೆಂದರೆ ಕೆರೆಗಳಲ್ಲಿ ನೀರಿತ್ತು. ಹಂಪಿಗೆ ಪ್ರವಾಸ ಹೋದಾಗಲೆಲ್ಲ ನಾನು ಮಕ್ಕಳಿಗೆ ಈ ಹೋಲಿಕೆಯನ್ನು ಹೇಳುತ್ತಿದ್ದೆ. ಹಂಪಿಯಲ್ಲೂ ಕಾಲುವೆಗಳಿದ್ದವು, ನದಿಯೇ ಇತ್ತು. ಯುದ್ಧ ಒಂದು ಊರನ್ನು ಹೇಗೆ ಮುಗಿಸಬಲ್ಲದು ಎಂಬುದನ್ನು ಅದು ತೋರಿಸುತ್ತದೆ. ನೀರು ಒಂದು ಊರನ್ನು ಹೇಗೆ ಉಳಿಸಬಲ್ಲದು ಎಂಬುದನ್ನು ಬೆಂಗಳೂರು ತೋರಿಸಿತ್ತು.

ಕೆರೆಗಳು ಹೋದ ಮೇಲೆ

ಶತ್ರುಗಳು ಮಾಡದ ಕೆಲಸವನ್ನು ನಾವೇ ಮಾಡಿಕೊಂಡೆವು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕೊಳಾಯಿ ನೀರು ಬಂತು. ನೀರು ನಲ್ಲಿಯಲ್ಲಿ ಬರತೊಡಗಿದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ಧರ್ಮಾಂಬುಧಿ ಬತ್ತಿ ಬಸ್ ನಿಲ್ದಾಣವಾಯಿತು. ಅದಕ್ಕೆ ಕೆಂಪೇಗೌಡರ ಹೆಸರನ್ನೇ ಇಟ್ಟೆವು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಸಿದ್ದಿಕಟ್ಟೆ ಕೃಷ್ಣರಾಜೇಂದ್ರ ಮಾರುಕಟ್ಟೆಯಾಯಿತು.

1974ರಲ್ಲಿ ಕಾವೇರಿ ಒಂದನೇ ಹಂತದ ನೀರು ನಗರಕ್ಕೆ ಬಂತು. ನಮ್ಮ ಶಾಲೆ ಶುರುವಾದ ಕಾಲವೂ ಸರಿಸುಮಾರು ಅದೇ. ಹಾಗೆ ನೋಡಿದರೆ ನಮ್ಮ ಶಾಲೆಯೂ ನಗರದ ಕಾವೇರಿ ನೀರೂ ಒಂದೇ ವಯಸ್ಸಿನವು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುವ ನೀರು ಅದು. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಉದ್ಘಾಟನೆಯಾಯಿತು. ನೀರು ತಂದುಕೊಟ್ಟ ಎಂಜಿನಿಯರುಗಳಿಗೂ ಕಾರ್ಮಿಕರಿಗೂ ನಾವು ಋಣಿಗಳು. ಆದರೆ ದೂರದ ಒಂದೇ ನದಿಯ ಮೇಲೆ ನಿಂತ ಊರಿನ ನೆಮ್ಮದಿಯೂ ಆ ನದಿಯ ಮಳೆಯ ಮೇಲೇ ನಿಲ್ಲುತ್ತದೆ.

ಇದನ್ನು ನಾವು ಎರಡು ಸಲ ಕಣ್ಣಾರೆ ಕಂಡಿದ್ದೇವೆ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ನಂತರ ಗಲಭೆಯಾಗಿ ಹಲವರು ಸತ್ತರು, ತಮಿಳು ಮಾತನಾಡುವ ಎಷ್ಟೋ ಕುಟುಂಬಗಳು ಊರು ಬಿಟ್ಟವು. 2016ರ ಸೆಪ್ಟೆಂಬರ್ 12ರಂದು ಮತ್ತೆ ಹೊತ್ತಿಕೊಂಡಿತು. ಮೈಸೂರು ರಸ್ತೆಯ ಕಡೆ ಹತ್ತಾರು ಬಸ್ಸುಗಳು ಉರಿದವು. ಕಪ್ಪು ಹೊಗೆ ನಮ್ಮ ಶ್ರೀನಗರದ ಮಹಡಿಗಳಿಂದ ಕಾಣುತ್ತಿತ್ತು. ಗೋಲಿಬಾರಿನಲ್ಲಿ ಜೀವ ಹೋಯಿತು, ಕೆಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು.

ಶಾಲೆ ಮತ್ತೆ ತೆರೆದ ದಿನ ಒಂಬತ್ತನೇ ತರಗತಿಯಲ್ಲಿ ಮಕ್ಕಳು ಕೂತ ಜಾಗ ಬದಲಾಗಿತ್ತು. ಮನೆಯಲ್ಲಿ ತಮಿಳು ಮಾತನಾಡುವ ನಾಲ್ಕೈದು ಮಕ್ಕಳು ಹಿಂದಿನ ಬೆಂಚಿಗೆ ಹೋಗಿದ್ದರು. ಯಾರೂ ಅವರಿಗೆ ಹೋಗು ಎಂದಿರಲಿಲ್ಲ. ನಾನು ಆ ದಿನ ಕಾವೇರಿಯ ಮಾತು ಎತ್ತಲಿಲ್ಲ. ಎಲ್ಲರನ್ನೂ ಆಟದ ಮೈದಾನಕ್ಕೆ ಕರೆದುಕೊಂಡು ಹೋಗಿ, ಮಣ್ಣಿನಲ್ಲಿ ಬೆಂಗಳೂರಿನ ದಿಣ್ಣೆ ಮಾಡಿಸಿದೆ. ಮೇಲಿನಿಂದ ಒಂದು ಕೊಡ ನೀರು ಸುರಿಯಲು ಹೇಳಿದೆ. ನೀರು ಎರಡೂ ಕಡೆ ಇಳಿಯಿತು. ಪಶ್ಚಿಮದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ವೃಷಭಾವತಿ, ಅರ್ಕಾವತಿ, ಕಾವೇರಿ, ಆಮೇಲೆ ತಮಿಳುನಾಡು ಎಂದರು. ಪೂರ್ವದ್ದು? ದಕ್ಷಿಣ ಪಿನಾಕಿನಿ, ಹೊಸೂರು, ತಮಿಳುನಾಡು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಬೆಂಗಳೂರಿನ ಮೇಲೆ ಬಿದ್ದ ಹನಿ ಯಾವ ಕಡೆ ಉರುಳಿದರೂ ಕೊನೆಗೆ ಸೇರುವುದು ಒಂದೇ ಸೀಮೆಯನ್ನು.

ಆಮೇಲೆ ಆ ನೀರು ಈಗ ಹೇಗಿದೆ ಎಂದು ಕೇಳಿದೆ. ವೃಷಭಾವತಿ ಕಪ್ಪಾಗಿ ಬೈರಮಂಗಲದ ಕೆರೆಗೆ ಹೋಗುತ್ತಿದೆ, ಅಲ್ಲಿನ ನಮ್ಮದೇ ರೈತರು ಅದನ್ನೇ ಬಳಸಬೇಕಾಗಿದೆ. ದಕ್ಷಿಣ ಪಿನಾಕಿನಿಯಲ್ಲಿ ನಮ್ಮ ನೊರೆ ಹೊಸೂರಿನ ಕೆಲವರಪಲ್ಲಿ ಜಲಾಶಯದವರೆಗೂ ಹೋಗುತ್ತಿದೆ. ನೀರು ಕೊಡುವುದೋ ಬಿಡುವುದೋ ಎಂದು ನಾವು ಜಗಳವಾಡುತ್ತಿರುವಾಗ, ಕೆಳಗಿನವರಿಗೆ ನಾವು ದಿನಾ ಕಳಿಸುತ್ತಿರುವುದು ಇದು. ಮಾರನೆಯ ದಿನ ಮಕ್ಕಳು ತಮ್ಮ ತಮ್ಮ ಹಳೇ ಜಾಗಗಳಿಗೆ ಬಂದು ಕೂತರು. ಪಾಠದಿಂದಲೇ ಹಾಗಾಯಿತೆಂದು ನಾನು ಹೇಳುವುದಿಲ್ಲ, ಮಕ್ಕಳಿಗೆ ಸಿಟ್ಟು ದೊಡ್ಡವರಷ್ಟು ದಿನ ಇರುವುದಿಲ್ಲ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೆಚ್ಚಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಎಂದು ಹೇಳಿತು. ಅದೇ ವರ್ಷ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸುವ ಕೆಲಸವೂ ಶುರುವಾಯಿತು. ಆ ನೀರಿನ ಶುದ್ಧತೆಯ ಬಗ್ಗೆ ವಾದಗಳಿವೆ, ಇರಬೇಕು. ಆದರೆ ಮೇಲಿನ ಊರು ಕೆಳಗಿನ ಊರಿಗೆ ಏನನ್ನು ಬಿಡಬೇಕು ಎಂಬ ಹಳೇ ಕೋಡಿಯ ಪ್ರಶ್ನೆಯನ್ನು ಮತ್ತೆ ಕೇಳುವಂತಾಯಿತು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5000 ರೂಪಾಯಿ ದಂಡ ಎಂದು ಹೇಳಬೇಕಾಗಿ ಬಂದಾಗ ಆ ಪ್ರಶ್ನೆ ಮನೆಮನೆಗೂ ಬಂತು.

2004ರಲ್ಲಿ ಕೀನ್ಯಾ ದೇಶದ ವಂಗಾರಿ ಮಾಥಾಯ್ ಎಂಬ ಹೆಣ್ಣುಮಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹಳ್ಳಿಯ ಹೆಂಗಸರನ್ನು ಸೇರಿಸಿಕೊಂಡು ಕೋಟಿಗಟ್ಟಲೆ ಗಿಡ ನೆಡಿಸಿದವರು ಅವರು. ಗಿಡ ನೆಟ್ಟವರಿಗೆ ಶಾಂತಿ ಪ್ರಶಸ್ತಿ ಏಕೆ ಎಂದು ಆಗ ಕೆಲವರು ಕೇಳಿದ್ದರು. ಸೌದೆ, ನೀರು, ಮೇವು ಕಡಿಮೆಯಾದ ಕಡೆ ಜಗಳ ಹುಟ್ಟುತ್ತದೆ, ಅವು ಇದ್ದ ಕಡೆ ಜಗಳಕ್ಕೆ ಕಾರಣ ಕಡಿಮೆ. ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸಬೇಕು, ವೇದಿಕೆ ಕಟ್ಟಿಸಬೇಕು ಎಂಬ ಸಲಹೆಗಳು ಬಂದಿವೆಯೆಂದು ಕೇಳಿದ್ದೇನೆ. ಅವೆಲ್ಲ ಆಗಲಿ. ಜೊತೆಗೆ ಮೂರು ಸಣ್ಣ ಕೆಲಸಗಳನ್ನು ಮಾಡಬಹುದು. ಶಾಲೆಯ ಮಾಳಿಗೆಯ ಮಳೆನೀರನ್ನು ಹಿಡಿದು ಇಂಗಿಸುವ ಒಂದು ಗುಂಡಿ. ಆ ಮಾಳಿಗೆಯ ಮೇಲೆ ಮಕ್ಕಳೇ ಮಳೆ ಅಳೆದು ಬರೆದಿಡುವ ಒಂದು ಮಾಪಕ ಮತ್ತು ಒಂದು ಪುಸ್ತಕ. ಪ್ರತಿವರ್ಷ ಜೂನ್ 27ರಂದು ಎಂಟನೇ ತರಗತಿಯವರು ಕೆಂಪಾಂಬುಧಿಯ ಏರಿಯವರೆಗೆ ನಡೆದು ಹೋಗಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಈ ವರ್ಷ ಯಾವ ಬಣ್ಣದಲ್ಲಿದೆ ಎಂದು ನೋಡಿ ಬಂದು ಬರೆಯುವುದು. ಖರ್ಚು ಹೆಚ್ಚಿಲ್ಲ. ಹಾರ, ಭಾಷಣದ ಜಯಂತಿಗಿಂತ ಕೆಂಪೇಗೌಡರಿಗೆ ಇದು ಹೆಚ್ಚು ಒಪ್ಪುತ್ತದೆ ಎಂದು ನನ್ನ ನಂಬಿಕೆ.

ಐವತ್ತು ವರ್ಷಗಳಲ್ಲಿ ಈ ಶಾಲೆಯಿಂದ ಹೊರಟವರಲ್ಲಿ ಪೊಲೀಸರಿದ್ದಾರೆ, ಸೈನಿಕರಿದ್ದಾರೆ, ಬಸ್ ಚಾಲಕರಿದ್ದಾರೆ, ಜಲಮಂಡಳಿಯಲ್ಲಿ ವಾಲ್ವ್ ತಿರುಗಿಸುವವರಿದ್ದಾರೆ, ಪೌರಕಾರ್ಮಿಕರಿದ್ದಾರೆ, ಶಿಕ್ಷಕರಿದ್ದಾರೆ. ಊರನ್ನು ಕಾಯುವವರು ಇವರೆಲ್ಲರೂ. ನಿಮ್ಮ ಕೈಲಾದ ದಿನ ಒಂದು ಬೆಳಿಗ್ಗೆ ಬಂದು, ನೀವು ಮಾಡುವ ಕೆಲಸಕ್ಕೂ ನಮ್ಮ ನೀರಿಗೂ ಇರುವ ನಂಟನ್ನು ಮಕ್ಕಳಿಗೆ ಹೇಳಿಹೋಗಿ. ಶಾಲೆಯ ಬಾಗಿಲು ನಿಮಗೆ ತೆರೆದೇ ಇರುತ್ತದೆ.